ಹರಳು ಒಂದೇ ಏಟಿಗೆ ಆಗುವುದಿಲ್ಲ

ಮಾನ್ಯ ಸಂಪಾದಕರೇ,

ವಿರಳ ಭೂಧಾತುಗಳ (ಲ್ಯಾಂಥನಮ್, ನಿಯೋಡಿಮಿಯಮ್, ಡಿಸ್ಪ್ರೋಸಿಯಮ್‌ನಂಥ ಲೋಹಗಳು) ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನ ಓದಿದೆ. ಗಣಿ, ಮ್ಯಾಗ್ನೆಟ್, ದೇಶದೇಶಗಳ ಜಗ್ಗಾಟ ಎಲ್ಲ ಚೆನ್ನಾಗಿತ್ತು. ಆದರೆ ಈ ಧಾತುಗಳು ಕರಗಿರುವ ದ್ರಾವಣಕ್ಕೆ ಕಾರ್ಬೊನೇಟ್ ಬೆರೆಸಿದರೆ ಹರಳು ಕೆಳಗೆ ಕೂರುತ್ತದೆ, ಸೋಸಿ ತೆಗೆದರೆ ಆಯಿತು ಎಂದು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದೀರಿ. ಲ್ಯಾಬ್ ಸಹಾಯಕಿಯಾಗಿ ಇದೇ ಗಸಿಯನ್ನು ಸೋಸುತ್ತಾ ಕೂತವಳು ನಾನು. ಸುಮ್ನೆ ಇರಲು ಆಗಲಿಲ್ಲ.

ಲ್ಯಾಂಥನಮ್ ಕ್ಲೋರೈಡಿನ ತಿಳಿ ದ್ರಾವಣಕ್ಕೆ ಸೋಡಿಯಂ ಕಾರ್ಬೊನೇಟ್ ಹಾಕಿದ ತಕ್ಷಣ ಬೆಳ್ಳಗೆ ಏನೋ ಆಗುತ್ತದೆ, ನಿಜ. ಅದು ಹರಳಲ್ಲ. ಗಂಜಿಯ ಹಾಗೆ ಲೋಳೆ ಲೋಳೆ. ಎಲೆಕ್ಟ್ರಾನ್ ಮೈಕ್ರೊಸ್ಕೋಪಿನಲ್ಲಿ ನೋಡಿದರೆ 10ರಿಂದ 20 ನ್ಯಾನೊಮೀಟರಿನ ಗುಂಡು ಕಣಗಳು, ಒಳಗೆಲ್ಲ ನೀರು. ಎಕ್ಸ್-ರೇ ಹಾಯಿಸಿದರೆ ಹರಳಿಗೆ ಬರುವ ಚೂಪು ಶಿಖರಗಳು ಬರುವುದಿಲ್ಲ, ಅಗಲವಾದ ದಿಬ್ಬವೊಂದು ಕಾಣುತ್ತದೆ. ಅಯಾನುಗಳು (ವಿದ್ಯುದಂಶ ಹೊತ್ತ ಕಣಗಳು) ಗುಂಪು ಸೇರಿವೆ, ಸಾಲಾಗಿ ನಿಂತಿಲ್ಲ. ಇದಕ್ಕೆ ಅಮಾರ್ಫಸ್ ಕಾರ್ಬೊನೇಟ್ ಎನ್ನುತ್ತಾರೆ. ಸೋಸಲು ಹೋದರೆ ಫಿಲ್ಟರ್ ಪೇಪರ್ ಕಟ್ಟಿಕೊಳ್ಳುತ್ತದೆ. ಪಂಪ್ ಒದರುತ್ತಲೇ ಇರುತ್ತದೆ, ಹನಿ ಇಳಿಯುವುದಿಲ್ಲ. ಹೇಗೋ ಇಳಿಸಿದಿರಿ ಅನ್ನಿ, ತೊಳೆಯುವುದು ಇನ್ನೂ ಕಷ್ಟ. ಕ್ಲೋರೈಡ್ ಒಳಗೇ ಸಿಕ್ಕಿಕೊಂಡಿರುತ್ತದೆ.

ಅದನ್ನು ಅದೇ ನೀರಿನಲ್ಲಿ ಬಿಡಬೇಕು. ಆ ಕಣಗಳು ಮೆಲ್ಲಗೆ ಕರಗುತ್ತವೆ, ಕರಗಿದ್ದು ಹರಳಾಗಿ ಕಟ್ಟುತ್ತದೆ. ಲ್ಯಾಂಥನಮ್ ಆದರೆ ಬರುವುದು ಲ್ಯಾಂಥನೈಟ್: 2 ಲ್ಯಾಂಥನಮ್, 3 ಕಾರ್ಬೊನೇಟ್, ಜೊತೆಗೆ 8 ನೀರಿನ ಅಣು. ತೆಳ್ಳನೆಯ ಚಪ್ಪಟೆ ಹರಳು.  

ಎಲ್ಲ ಧಾತುಗಳೂ ಒಂದೇ ವೇಗದಲ್ಲಿ ಬದಲಾಗುವುದಿಲ್ಲ, ಲೇಖನದಲ್ಲಿ ಬರಲೇಬೇಕಿದ್ದ ಮಾತು ಇದು. ಲ್ಯಾಂಥನಮ್ ಬೇಗ ಹರಳಾಗುತ್ತದೆ. ನಿಯೋಡಿಮಿಯಮ್ ಜಾಸ್ತಿ ಹೊತ್ತು ತಗೊಳ್ಳುತ್ತದೆ. ಡಿಸ್ಪ್ರೋಸಿಯಮ್ ಅದಕ್ಕಿಂತ ಹಟಮಾರಿ. ಕಾರಣ ಅಯಾನಿನ ಗಾತ್ರ. ಲ್ಯಾಂಥನಮ್ ಅಯಾನಿನ ತ್ರಿಜ್ಯ ಸುಮಾರು 103 ಪಿಕೊಮೀಟರ್, ಡಿಸ್ಪ್ರೋಸಿಯಮ್ಮಿನದು 91. ವಿದ್ಯುದಂಶ ಮಾತ್ರ ಎರಡಕ್ಕೂ ಒಂದೇ. ಅಯಾನು ಸಣ್ಣದಾದಷ್ಟೂ ಸುತ್ತಲಿನ ನೀರನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಆ ಹಿಡಿತ ಸಡಿಲವಾಗದೆ ಹರಳಿನಲ್ಲಿ ಜಾಗ ಸಿಗುವುದಿಲ್ಲ.

ಬಿಸಿ ಮಾಡಿದರೆ ಬೇಗ ಆಗುತ್ತದಲ್ವಾ ಎಂದು ಕೇಳಬಹುದು. ಆಗುತ್ತದೆ, ಆದರೆ ಬರುವುದು ಬೇರೆಯೇ ಹರಳು. ಮುಚ್ಚಿದ ಪಾತ್ರೆಯಲ್ಲಿ ಚೆನ್ನಾಗಿ ಕಾಯಿಸಿದರೆ ಹೈಡ್ರಾಕ್ಸಿಲ್ (ಆಕ್ಸಿಜನ್-ಹೈಡ್ರೋಜನ್ ಜೋಡಿ) ಒಳಗೆ ಸೇರಿ ಕೊಜೊಯೈಟ್ ಎಂಬ ಹರಳು, ಇನ್ನೂ ಕಾಯಿಸಿದರೆ ಹೈಡ್ರಾಕ್ಸಿಲ್‌ಬ್ಯಾಸ್ಟ್ನಸೈಟ್. ಅಮೆರಿಕದ ಮೌಂಟನ್ ಪಾಸ್, ಚೀನಾದ ಬಯಾನ್ ಒಬೊ ಗಣಿಗಳಲ್ಲಿ ಅಗೆಯುವ ಬ್ಯಾಸ್ಟ್ನಸೈಟ್ ಅದಿರಿನಲ್ಲಿ ಫ್ಲೋರಿನ್ ಇರುವ ಜಾಗದಲ್ಲಿ ಇದರಲ್ಲಿ ಹೈಡ್ರಾಕ್ಸಿಲ್ ಇದೆ, ಅಷ್ಟೇ.

ಕಾರ್ಖಾನೆಗಳಲ್ಲಿ ಅಮೋನಿಯಂ ಬೈಕಾರ್ಬೊನೇಟನ್ನು ನಿಧಾನವಾಗಿ ಸುರಿಯುವುದು, ಮೊದಲೇ ಒಂದಿಷ್ಟು ಬೀಜದ ಹರಳು (ಹೊಸ ಹರಳು ಕಟ್ಟಲು ಆಸರೆಯಾಗುವ ಪುಟ್ಟ ಹರಳು) ಹಾಕುವುದು, ಗಸಿಯನ್ನು ಹಳತಾಗಲು ಬಿಡುವುದು, ಇವೆಲ್ಲ ಸುಲಭವಾಗಿ ಸೋಸುವಂಥ ಹರಳು ಬರಲಿ ಎಂದೇ. ಆಮೇಲೆ ಅದನ್ನು ಸುಟ್ಟು ಆಕ್ಸೈಡ್ ಮಾಡುತ್ತಾರೆ. ಈ ಕೆಲಸದಲ್ಲಿ ಅಮೋನಿಯಂ ತುಂಬಿದ ಕೊಳೆನೀರು ಉಳಿಯುತ್ತದೆ. ಲೇಖನದಲ್ಲಿ ಅದರ ಸುದ್ದಿಯೇ ಇಲ್ಲ. ಆ ನೀರನ್ನು ಏನು ಮಾಡುತ್ತಾರೆ ಎಂದು ಇನ್ನೊಂದು ಲೇಖನ ಬರೆಸಿ. ಗಣಿಯ ಫೋಟೊ ಕಡಿಮೆಯಾದರೂ ಪರವಾಗಿಲ್ಲ.

ಇಂತಿ,
ನಿವೃತ್ತ ಪ್ರಯೋಗಾಲಯ ಸಹಾಯಕಿ