ಯಾರು ಸಹಿ ಹಾಕಿದರು ಅಂತ ಬರೆ

ಪ್ರೀತಿಯ ತಂಗಿ,

ಒಂದು ಕಾಲಕ್ಕೆ ಸ್ವತಂತ್ರ ರಾಜ್ಯವಾಗಿದ್ದ ಹವಾಯಿ ದ್ವೀಪಗಳ ಬಗ್ಗೆ ನೀನು ಕಳಿಸಿದ ಲೇಖನ ಎರಡು ಸಲ ಓದಿದೆ. ಮೊದಲ ಸಲ ಓದುತ್ತಾ ಓದುತ್ತಾ ಕಾಫಿ ಆರಿಹೋಯಿತು. ಎರಡನೇ ಸಲ ಪೆನ್ಸಿಲ್ ಹಿಡಿದು ಕೂತೆ. ಬೇಜಾರು ಮಾಡ್ಕೋಬೇಡ.

ನಿನ್ನ ಮೂರನೇ ಸಾಲು ಹೀಗಿದೆ: "1898ರಲ್ಲಿ ಹವಾಯಿ ಅಮೆರಿಕದಲ್ಲಿ ವಿಲೀನವಾಯಿತು." ವಿಲೀನ ಆಗೋಕೆ ಅದೇನು ಹಾಲಿಗೆ ಬಿದ್ದ ಸಕ್ಕರೆಯಾ? ನಾನೂ ನಿನ್ನ ವಯಸ್ಸಿನಲ್ಲಿ "ಕೆರೆ ಒತ್ತುವರಿಯಾಯಿತು" ಅಂತ ಬರೆದಿದ್ದೆ. ಸಂಪಾದಕರು ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಎರಡೇ ಅಕ್ಷರ ಗೀಚಿ ವಾಪಸ್ ಕಳಿಸಿದ್ದರು: "ಯಾರು?" ಆ ಕೆಂಪು ಶಾಯಿ ಈಗ ನಿನಗೆ ದಾಟಿಸುತ್ತಿದ್ದೇನೆ.

ಹವಾಯಿಯ ಕಥೆಯಲ್ಲಿ ಗುಂಡಿನ ಸದ್ದು ಕಡಿಮೆ, ಕಾಗದ ಜಾಸ್ತಿ. ಪ್ರತಿ ತಿರುವಿನಲ್ಲೂ ಯಾರೋ ಒಬ್ಬರು ಸಹಿ ಹಾಕುತ್ತಾರೆ, ಇಲ್ಲಾ ಅವರ ಕೈಯಲ್ಲಿ ಹಾಕಿಸುತ್ತಾರೆ. ನಿನ್ನ ಲೇಖನ ಆ ಸಹಿಗಳ ಹಿಂದೆ ಹೋಗಬೇಕು ಅನ್ನೋದು ನನ್ನ ಆಸೆ.

ಸಕ್ಕರೆಯಿಂದಲೇ ಶುರು ಮಾಡು. 1875ರ ಒಪ್ಪಂದದಿಂದ ಹವಾಯಿಯ ಸಕ್ಕರೆ ಸುಂಕವಿಲ್ಲದೆ ಅಮೆರಿಕದ ಮಾರುಕಟ್ಟೆಗೆ ಹೋಗುವ ಹಾಗಾಯಿತು. ಹದಿನೈದು ವರ್ಷದಲ್ಲಿ ರಫ್ತು ಸುಮಾರು ಹತ್ತು ಪಟ್ಟು ಏರಿತು. ಕಬ್ಬಿನ ಗದ್ದೆಗೆ ಚೀನಾ, ಜಪಾನ್, ಪೋರ್ಚುಗಲ್‌ನಿಂದ ಕೂಲಿಗಳು ಬಂದರು. ಒಂದೇ ಬೆಳೆ, ಒಬ್ಬನೇ ಗಿರಾಕಿ. 1890ರಲ್ಲಿ ಅಮೆರಿಕ ಎಲ್ಲ ದೇಶದ ಕಚ್ಚಾ ಸಕ್ಕರೆಯ ಮೇಲಿನ ಸುಂಕವನ್ನೂ ತೆಗೆದುಹಾಕುವ ಕಾನೂನು ಮಾಡಿತು. ತನ್ನ ನೆಲದ ಬೆಳೆಗಾರರಿಗೆ ಮಾತ್ರ ಪೌಂಡಿಗೆ ಎರಡು ಸೆಂಟ್ ಸಹಾಯಧನ ಕೊಟ್ಟಿತು. ದ್ವೀಪದ ತೋಟಗಾರರ ಲಾಭ ಒಮ್ಮೆಗೇ ಕುಸಿಯಿತು. ಅಮೆರಿಕದ ನೆಲವಾಗಿಬಿಟ್ಟರೆ ಆ ಎರಡು ಸೆಂಟ್ ನಮಗೂ ಸಿಗುತ್ತಲ್ಲ ಅಂತ ಕೆಲವರಿಗೆ ಅನ್ನಿಸಿತು. ಆದರೆ ಎಲ್ಲ ತೋಟದ ದೊರೆಗಳನ್ನೂ ಒಂದೇ ಬುಟ್ಟಿಗೆ ಹಾಕಬೇಡ. ಎಲ್ಲರಿಗಿಂತ ದೊಡ್ಡ ಕುಳ ಕ್ಲಾಸ್ ಸ್ಪ್ರೆಕೆಲ್ಸ್ ಸ್ವಾಧೀನಕ್ಕೆ ವಿರೋಧವಾಗಿದ್ದ. ಅಮೆರಿಕದ ಕಾನೂನು ಬಂದರೆ ಕರಾರಿನ ಕೂಲಿಗಳು ಸಿಗುವುದಿಲ್ಲ ಅನ್ನೋ ಭಯ ಅವನದು. ಒಳ್ಳೆಯತನವೇನಲ್ಲ, ಲೆಕ್ಕಾಚಾರ.

1887ರ ಸಂವಿಧಾನವನ್ನು ನೀನು ಅರ್ಧ ಸಾಲಿನಲ್ಲಿ ದಾಟಿಬಿಟ್ಟಿದ್ದೀಯ. ಅಲ್ಲಿ ನಿಲ್ಲು. ರಾಜ ಕಲಾಕೌವನ ಮುಂದೆ ಕಾಗದ ಇಟ್ಟರು, ಹಿಂದೆ ಬಂದೂಕು ಹಿಡಿದ ಪಡೆ ಇತ್ತು. ಅದಕ್ಕೇ ಜನ ಅದನ್ನು ಬಂದೂಕಿನ ಚೂರಿಯ ಹೆಸರಿನಿಂದ ಬಯನೆಟ್ ಸಂವಿಧಾನ ಅಂತ ಕರೆದರು. ರಾಜ ಸಹಿ ಹಾಕಿದ. ಏಷ್ಯಾದವರ ಮತದ ಹಕ್ಕು ಹೋಯಿತು. ಮೇಲ್ಮನೆಗೆ ಮತ ಹಾಕಲು ಇಂತಿಷ್ಟು ಆಸ್ತಿ ಅಥವಾ ಆದಾಯ ಬೇಕು ಅಂದದ್ದರಿಂದ ಬಹಳಷ್ಟು ಹವಾಯಿಯನ್ನರ ಮತವೂ ಹೋಯಿತು. ಪ್ರಜೆಗಳೇ ಅಲ್ಲದ ಅಮೆರಿಕನ್ನರಿಗೆ, ಯುರೋಪಿನವರಿಗೆ ಮತ ಬಂತು! ಇದರ ಹಿಂದಿದ್ದ ಲಾರಿನ್ ಥರ್ಸ್ಟನ್, ಆಮೇಲೆ ಹವಾಯಿ ಗಣರಾಜ್ಯದ ಅಧ್ಯಕ್ಷನಾದ ಸ್ಯಾನ್‌ಫರ್ಡ್ ಡೋಲ್ ಇಬ್ಬರೂ ಮಿಷನರಿ ಮನೆತನದವರು. ಹೊನೊಲುಲುವಿನಲ್ಲೇ ಹುಟ್ಟಿದವರು. ನೀನು ಬರೆದ ಹಾಗೆ ಹಡಗಿನಿಂದ ಇಳಿದು ಬಂದವರಲ್ಲ.

ಹಡಗಿನಿಂದ ಇಳಿದವರು ಬೇರೆ. ಕಲಾಕೌವನ ತಂಗಿ ಲಿಲಿಯುಓಕಲಾನಿ 1891ರಲ್ಲಿ ಪಟ್ಟಕ್ಕೆ ಬಂದಳು. 1893ರ ಜನವರಿ 14ರಂದು ಹೊಸ ಸಂವಿಧಾನ ತರಲು ಹೊರಟಳು. ಎರಡೇ ದಿನಕ್ಕೆ, 16ರಂದು, ಅಮೆರಿಕದ 'ಬಾಸ್ಟನ್' ಯುದ್ಧನೌಕೆಯಿಂದ 162 ನಾವಿಕರು, ಸೈನಿಕರು ದಡಕ್ಕೆ ಬಂದರು. ಅಮೆರಿಕನ್ನರ ಜೀವ, ಆಸ್ತಿ ಕಾಯೋಕೆ ಅಂತ ರಾಯಭಾರಿ ಜಾನ್ ಸ್ಟೀವನ್ಸ್ ಹೇಳಿದ. ಪಡೆ ಬಿಡಾರ ಹೂಡಿದ್ದು ಮಾತ್ರ ಅರಮನೆಯ ಹತ್ತಿರ. ಇದನ್ನು ಬರೆದು ಸುಮ್ನೆ ಮುಂದೆ ಹೋಗು. "ಇದು ಎಂಥ ಕಪಟ!" ಅಂತ ನೀನು ಹಾಕಿರುವ ಸಾಲು ತೆಗೆದುಬಿಡು, ಓದುಗರಿಗೆ ಕಣ್ಣಿದೆ.

17ನೇ ತಾರೀಖು ರಾಣಿ ಅಧಿಕಾರ ಬಿಟ್ಟಳು. ಆದರೆ ಪತ್ರದಲ್ಲಿ ಏನು ಬರೆದಳು ನೋಡು. ತಾನು ಮಣಿಯುತ್ತಿರುವುದು ದಂಗೆ ಎದ್ದ ಥರ್ಸ್ಟನ್, ಡೋಲ್ ಕಡೆಯವರಿಗಲ್ಲ, ಅಮೆರಿಕದ ಸೇನಾಬಲಕ್ಕೆ. ಆ ಸರ್ಕಾರ ವಿಚಾರಿಸಿ ತನ್ನ ಅಧಿಕಾರ ತನಗೆ ವಾಪಸ್ ಕೊಡುವ ತನಕ ಮಾತ್ರ. ಸೋತ ಹೊತ್ತಿನಲ್ಲೂ ಕರ್ತೃಪದ ಬಿಡದೆ ಬರೆದವಳು ಅವಳು. ನಿನಗಿಂತ ವಾಸಿ, ಅಲ್ವಾ?

ಆ ಪತ್ರ ಸ್ವಲ್ಪ ಕೆಲಸವನ್ನೂ ಮಾಡಿತು. ಅಮೆರಿಕಕ್ಕೆ ಹೊಸದಾಗಿ ಬಂದ ಅಧ್ಯಕ್ಷ ಕ್ಲೀವ್‌ಲ್ಯಾಂಡ್, ದಂಗೆ ಎದ್ದವರು ಹಿಂದಿನ ಅಧ್ಯಕ್ಷನ ಸರ್ಕಾರದ ಜೊತೆ ಮಾಡಿಕೊಂಡಿದ್ದ ಸ್ವಾಧೀನದ ಒಪ್ಪಂದ ಹಿಂದಕ್ಕೆ ತೆಗೆದುಕೊಂಡ, ತನಿಖೆ ಮಾಡಿಸಿದ, ತಪ್ಪಾಗಿದೆ ಅಂದ. ರಾಣಿಗೆ ಅಧಿಕಾರ ಬಿಟ್ಟುಕೊಡಿ ಅಂತ ಕೇಳಿದಾಗ ಡೋಲ್ ಆಗಲ್ಲ ಅಂದ. ಹಾಗಾಗಿ "ಇಡೀ ಅಮೆರಿಕ ಸಂಚು ಹೂಡಿತು" ಅನ್ನುವ ನಿನ್ನ ಸಾಲಿಗೂ ಪೆನ್ಸಿಲ್ ಹಾಕಿದ್ದೇನೆ.

ರಾಣಿಯನ್ನು "ಹವಾಯಿಯ ಕಿತ್ತೂರು ಚೆನ್ನಮ್ಮ" ಅಂದಿದ್ದೀಯ. ಓದುವವರಿಗೆ ತಟ್ಟನೆ ಹತ್ತಿರವಾಗುತ್ತೆ, ಒಪ್ಪಿದೆ. ಆದರೆ ಚೆನ್ನಮ್ಮ 1824ರಲ್ಲಿ ಯುದ್ಧಕ್ಕೆ ನಿಂತವಳು. ಇವಳು ರಕ್ತ ಹರಿಯಬಾರದು ಅಂತ ಮಣಿದವಳು. ಇಬ್ಬರಿಗೂ ಅನ್ಯಾಯ ಆಗುತ್ತೆ. ಅವಳನ್ನು ದೇವಿಯನ್ನೂ ಮಾಡಬೇಡ. ಲಾಟರಿ ಮಸೂದೆಗೆ ಸಹಿ ಹಾಕಿದವಳೂ ಅವಳೇ. ತನ್ನನ್ನು ಇಳಿಸಿದವರಿಗೆ ಕ್ಷಮಾದಾನ ಕೊಡಲು ಮೊದಲು ಒಪ್ಪದವಳೂ ಅವಳೇ. ಸಿಟ್ಟು ಬರಲ್ವಾ ಮತ್ತೆ?

ಈಗ ನೀನು ಪೂರ್ತಿ ಬಿಟ್ಟಿರುವ ಭಾಗ. 1895ರ ಜನವರಿಯಲ್ಲಿ ಅವಳ ಪರವಾಗಿ ನಡೆದ ದಂಗೆ ವಿಫಲವಾದ ಮೇಲೆ ಇಯೊಲಾನಿ ಅರಮನೆಯ ಮಹಡಿಯ ಕೋಣೆಯಲ್ಲಿ ಅವಳನ್ನು ಕೂಡಿಹಾಕಿದರು. ಬೆಂಬಲಿಗರ ಜೀವ ಉಳಿಯಲಿ ಅಂತ ಪದತ್ಯಾಗದ ಪತ್ರಕ್ಕೆ ಸಹಿ ಹಾಕಿದಳು. ಹಾಕಬೇಕಾದ ಹೆಸರನ್ನೂ ಅವರೇ ಹೇಳಿಕೊಟ್ಟರು, ಗಂಡನ ಮನೆ ಹೆಸರು ಸೇರಿಸಿ: ಲಿಲಿಯುಓಕಲಾನಿ ಡೊಮಿನಿಸ್. ಹಾಗೆ ಅವಳು ಯಾವತ್ತೂ ಸಹಿ ಹಾಕಿರಲಿಲ್ಲ. ಕೋಣೆಗೆ ಪತ್ರಿಕೆ ಬಿಡುತ್ತಿರಲಿಲ್ಲ, ಹೂವು ಬಿಡುತ್ತಿದ್ದರು. ಹೂವು ಸುತ್ತಿದ ಕಾಗದವೇ ಪತ್ರಿಕೆ! ಅದನ್ನು ಬಿಡಿಸಿ ಹೊರಗಿನ ಸುದ್ದಿ ಓದುತ್ತಿದ್ದಳು. ಅಲ್ಲೇ ಕೂತು ರೇಷ್ಮೆ ತುಂಡುಗಳನ್ನು ಜೋಡಿಸಿ ಒಂದು ಹೊದಿಕೆ ಹೊಲಿದಳು. ನಮ್ಮ ಉತ್ತರ ಕರ್ನಾಟಕದ ಕೌದಿ ನೆನಪಾಗುತ್ತೆ. ಅದರ ಮೇಲೆ ದಾರದಲ್ಲಿ ಹೆಸರುಗಳು, ತಾರೀಖುಗಳು. ಈಗಲೂ ಅದೇ ಅರಮನೆಯಲ್ಲಿದೆ. ನಾನಾಗಿದ್ದರೆ ಲೇಖನವನ್ನು ಈ ಕೋಣೆಯಿಂದ ಶುರು ಮಾಡುತ್ತಿದ್ದೆ.

ಇನ್ನು ಜನ. ನಿನ್ನ ಲೇಖನದಲ್ಲಿ ರಾಜ, ರಾಣಿ, ಅಧ್ಯಕ್ಷರು ಇದ್ದಾರೆ, ಜನ ಎಲ್ಲಿ? ಹೊಸ ಸರ್ಕಾರಕ್ಕೆ ನಿಷ್ಠೆಯ ಸಹಿ ಹಾಕಿ ಅಂದಾಗ ಅರಮನೆಯ ಬ್ಯಾಂಡಿನವರು ಆಗಲ್ಲ ಅಂದು ಕೆಲಸ ಬಿಟ್ಟರು. 1897ರಲ್ಲಿ ಅಧ್ಯಕ್ಷ ಮೆಕಿನ್ಲಿ ಮತ್ತೆ ಸ್ವಾಧೀನದ ಒಪ್ಪಂದ ತಂದಾಗ ಹವಾಯಿಯನ್ನರ ಸಂಘದವರು ದ್ವೀಪ ದ್ವೀಪ ಅಲೆದು ವಿರೋಧದ ಸಹಿ ಸಂಗ್ರಹಿಸಿದರು. 556 ಪುಟ, 21,269 ಸಹಿ. ಮೂಲನಿವಾಸಿಗಳ ಒಟ್ಟು ಸಂಖ್ಯೆಯೇ ಆಗ 40,000ದ ಆಸುಪಾಸು. ಹೆಂಗಸರ ಸಂಘ ಬೇರೆ, ಗಂಡಸರ ಸಂಘ ಬೇರೆ. ನಾಲ್ಕು ಜನ ಅದನ್ನು ವಾಷಿಂಗ್ಟನ್‌ಗೆ ಹೊತ್ತುಕೊಂಡು ಹೋದರು. ಸೆನೆಟ್‌ನಲ್ಲಿ ಒಪ್ಪಂದಕ್ಕೆ ಬೇಕಾದ ಮೂರನೇ ಎರಡು ಮತ ಒದಗಲಿಲ್ಲ.

ಅಷ್ಟರಲ್ಲಿ ಸ್ಪೇನ್ ಜೊತೆ ಯುದ್ಧ ಬಂತು. ಫಿಲಿಪ್ಪೀನ್ಸ್‌ಗೆ ಹೋಗುವ ಹಡಗುಗಳಿಗೆ ದಾರಿಯಲ್ಲಿ ಕಲ್ಲಿದ್ದಲು, ಬಂದರು ಬೇಕು. ಒಪ್ಪಂದ ಬಿಟ್ಟು, ಎರಡೂ ಸದನಗಳಲ್ಲಿ ಬರೀ ಬಹುಮತ ಸಾಕಾಗುವ ಜಂಟಿ ನಿರ್ಣಯದ ದಾರಿ ಹಿಡಿದರು. 1898ರ ಜುಲೈ 7ರಂದು ಮೆಕಿನ್ಲಿ ಸಹಿ ಹಾಕಿದ. ಆಗಸ್ಟ್ 12ರಂದು ಅರಮನೆಯ ಮುಂದೆ ಹವಾಯಿಯ ಬಾವುಟ ಇಳಿಯಿತು. ನೋಡು, ನಾನೇ "ಇಳಿಯಿತು" ಅಂದುಬಿಟ್ಟೆ. ಇಳಿಸಿದರು.

1993ರಲ್ಲಿ ಅಮೆರಿಕದ ಸಂಸತ್ತು ಕ್ಷಮೆ ಕೇಳಿ ನಿರ್ಣಯ ಮಾಡಿತು. ಅದು ನಿನ್ನ ಲೇಖನದಲ್ಲಿದೆ, ಒಂದು ಸಾಲು ಸಾಕು. ಆದರೆ ಆ 556 ಪುಟಗಳು ವಾಷಿಂಗ್ಟನ್‌ನ ದಾಖಲೆ ಮನೆಯಲ್ಲಿ ಜನರ ನೆನಪಿನಿಂದ ಮರೆಯಾಗಿ ದಶಕಗಟ್ಟಲೆ ಬಿದ್ದಿದ್ದವು. 1990ರ ದಶಕದಲ್ಲಿ ನೊಯೆನೊಯೆ ಸಿಲ್ವಾ ಎಂಬ ವಿದ್ವಾಂಸೆ ಅವನ್ನು ಮತ್ತೆ ಬೆಳಕಿಗೆ ತಂದರು. ಅದರ ಪ್ರತಿಗಳಲ್ಲಿ ಹವಾಯಿಯ ಜನ ತಮ್ಮ ಮುತ್ತಜ್ಜಿ, ಮುತ್ತಜ್ಜಂದಿರ ಹೆಸರು ಹುಡುಕುತ್ತಾರೆ. ಇದಕ್ಕೆ ಮಾತ್ರ ಒಂದಿಡೀ ಪುಟ ಕೊಡು.

ಪೆನ್ಸಿಲ್ ಗುರುತು ಹಾಕಿದ ಪ್ರತಿ ಅಂಚೆಗೆ ಹಾಕಿದ್ದೇನೆ. ಎರಡನೇ ಕರಡು ದಸರೆಯೊಳಗೆ ಕಳಿಸು. ಕಾಫಿ ಆಮೇಲೆ ಮಾಡಿಕೊಳ್ಳುತ್ತೇನೆ.

ನಿನ್ನ ಅಣ್ಣ