ಟೈರ್ ಕೊಟ್ಟೋರಿಗೆ, ತಂಬಿಟ್ಟು ಕಟ್ಟಿಕೊಟ್ಟೋರಿಗೆ, ಎಲ್ರಿಗೂ

ಉತ್ತರ ಧ್ರುವದ ಕಡೆ ಇರೋ ನಾರ್ವೆ ದೇಶದ ದ್ವೀಪಗಳು, ಸ್ವಾಲ್ಬಾರ್ಡ್‌ ಅಂತ, ಅಲ್ಲಿಂದ ಬಂದು 11 ದಿನ ಆಯ್ತು, ಎಡಗೈ ಎರಡು ಬೆರಳ ತುದಿ ಇನ್ನೂ ಜೋಮು ಹಿಡಿದಂಗೇ ಇದೆ, ಅದಕ್ಕೇ ಟೈಪ್ ಮಾಡೋದು ಲೇಟಾಯ್ತು, ಬೈಕೋಬೇಡಿ. ಒಬ್ಬೊಬ್ರಿಗೂ ಫೋನ್ ಮಾಡಿ ಥ್ಯಾಂಕ್ಸ್ ಹೇಳಕ್ಕೆ ಕೂತ್ರೆ ವರಮಹಾಲಕ್ಷ್ಮಿ ಹಬ್ಬ ಬಂದ್ಬಿಡುತ್ತೆ, ಅದಕ್ಕೆ ಎಲ್ರಿಗೂ ಇಲ್ಲೇ.

ಮೊದ್ಲು ನಮ್ಮ ರೋಡ್ ಮೂಲೆ ಪಂಕ್ಚರ್ ಅಂಗಡಿ ಅಣ್ಣಂಗೆ. ಹಿಮದ ಮೇಲೆ ಸ್ಲೆಡ್ಜ್ (ಸಾಮಾನು ಹಾಕೋ, ಚಕ್ರ ಇಲ್ದ ಜಾರುಗಾಡಿ) ಎಳೆಯೋದು ಅಭ್ಯಾಸ ಆಗ್ಬೇಕಂದ್ರೆ ಸೊಂಟಕ್ಕೆ ಬೆಲ್ಟ್ ಕಟ್ಕೊಂಡು ಟೈರ್ ಎಳೀಬೇಕು, ಧ್ರುವದ ಕಡೆ ಹೋಗೋರು ಎಲ್ಲಾ ಕಡೆ ಮಾಡೋದು ಇದನ್ನೇ. ಹಳೇ ಟೈರ್ ಬೇಕಣ್ಣ ಅಂದಾಗ ಅವರು "ಉಯ್ಯಾಲೆಗಾ?" ಅಂದ್ರು, ನಾರ್ತ್ ಪೋಲ್ ಕಡೆ ಹೋಗ್ತಿದೀನಿ ಅಂದೆ. ಒಂದ್ನಿಮಿಷ ನನ್ ಮುಖ ನೋಡಿ, "ಲಾರಿದು ಬೇಡಮ್ಮ, ಸೊಂಟ ಬಿದ್ದೋಗುತ್ತೆ, ಓಮ್ನಿದು ತಗೋ" ಅಂತ ತೂತು ಕೊರೆದು ಹುಕ್ ಹಾಕಿ ಕೊಟ್ರು, ಕಾಸು ಮುಟ್ಲಿಲ್ಲ. ಐದು ತಿಂಗಳು ಬೆಳಗಾಗೋ ಮುಂಚೆ ಎಳೆದೆ. ವಾಕಿಂಗ್ ಅಂಕಲ್‌ಗಳು ಮೊದಮೊದ್ಲು "ಏನಮ್ಮ ಹರಕೆನಾ" ಅಂತಿದ್ರು, ಆಮೇಲೆ ಬೀದಿನಾಯಿ ಓಡಿಸೋ ಕೆಲ್ಸ ಅವರೇ ವಹಿಸ್ಕೊಂಡ್ರು.

ಹೊರಡಕ್ಕೆ ಮೂರು ವಾರ ಇದ್ದಾಗ ಸ್ಪಾನ್ಸರ್ ಮಾಡ್ತೀವಿ ಅಂದಿದ್ದ ಕಂಪನಿ ಕೈ ಎತ್ತಿತು (ಹೆಸರು ಬೇಡ ಬಿಡಿ). ಆಗ ಅತ್ತೆ ನನ್ ಮದ್ವೆಗೇ ಅಂತ ಹಾಕಿದ್ದ ಚೀಟಿ ಎತ್ತಿ ಕೊಟ್ರು. "ಮದ್ವೆ ಎಲ್ಲಿ ಓಡೋಗುತ್ತೆ, ಐಸ್ ಕರಗ್ತಿದೆ ಅಂತೀಯಲ್ಲ, ಮೊದ್ಲು ಅದನ್ನ ನೋಡ್ಕೊಂಡು ಬಾ." ಅತ್ತೆ, ಇದನ್ನ ಅಲ್ಲಿ ಎಷ್ಟು ಜನಕ್ಕೆ ಹೇಳಿದೀನೋ ಲೆಕ್ಕ ಇಲ್ಲ.

ಅಮ್ಮನ ತಂಬಿಟ್ಟು ಮೈನಸ್ 20ರಲ್ಲಿ ಕಲ್ಲಾಯ್ತು, ಜೇಬಲ್ಲಿಟ್ಟು ಮೈ ಶಾಖಕ್ಕೆ ಮೆತ್ತಗಾದ್ಮೇಲೆ ತಿಂದ್ವಿ. ಕುಡಿಯೋ ನೀರೂ ಸುಲಭಕ್ಕೆ ಸಿಗಲ್ಲ, ದಿನಾ ಸಂಜೆ ಸ್ಟವ್ ಮೇಲೆ ಹಿಮ ಕರಗಿಸ್ತಾ ಕೂರ್ಬೇಕು, ಪಾತ್ರೆ ತಳದಲ್ಲಿ ಮೊದ್ಲು ಒಂಚೂರು ನೀರಿಲ್ದಿದ್ರೆ ಹಿಮಾನೂ ಸೀದು ವಾಸನೆ ಬರುತ್ತೆ, ನಿಜವಾಗ್ಲೂ! 2024ರ ಬೇಸಿಗೇಲಿ ಟ್ಯಾಂಕರ್ ಬರೋವರೆಗೂ ಅಮ್ಮ ಬಕೆಟ್ ಎಣಿಸ್ಕೊಂಡು ಕೂತಿರ್ತಿದ್ದಂಗೆ ನಾನು ಲೋಟ ಎಣಿಸ್ತಿದ್ದೆ. ಫೋಟೋಗೆ ಅಂತ ಗ್ಲೌಸ್ ಬಿಚ್ಚಿದ್ದು ನನ್ನದೇ ತಪ್ಪು, ಬೆರಳು ಮೇಣದ ಥರ ಬೆಳ್ಳಗಾಗಿತ್ತು, ನಮ್ಮ ಗೈಡ್ ಅಕ್ಕ ಒಂದು ಮಾತೂ ಆಡ್ದೆ ನನ್ ಕೈನ ತನ್ನ ಕಂಕುಳಲ್ಲಿ ಇಟ್ಕೊಂಡ್ರು, ಬೆಚ್ಚಗಾದ್ಮೇಲೆ ಚೆನ್ನಾಗಿ ಬೈದ್ರು. ಎರಡಕ್ಕೂ ಥ್ಯಾಂಕ್ಸ್.

ಅಲ್ಲಿನ ಊರು ಲಾಂಗ್‌ಇಯರ್‌ಬೈಯೆನ್, 78 ಡಿಗ್ರಿ ಉತ್ತರ ಅಕ್ಷಾಂಶ. ಹಿಂದೆ ಕಲ್ಲಿದ್ದಲು ಗಣಿ ಊರು, ಮಸಿ ಒಳಗೆ ಬರ್ಬಾರ್ದು ಅಂತ ಶುರುವಾದ ಪದ್ಧತಿ ಇನ್ನೂ ಇದೆ, ಹೋಟೆಲ್ಲಿಗೂ ಮ್ಯೂಸಿಯಮ್ಮಿಗೂ ಶೂ ಬಿಚ್ಚೇ ಹೋಗ್ಬೇಕು, ಅಜ್ಜಿಗೆ ಹೇಳಿದ್ರೆ "ಒಳ್ಳೇ ಜನ" ಅಂತ ಸರ್ಟಿಫಿಕೇಟ್ ಕೊಟ್ರು. ಪಕ್ಕದಲ್ಲೇ ಇಸ್‌ಫ್ಯೋರ್ಡೆನ್, ಅಂದ್ರೆ ಐಸಿನ ಕೊಲ್ಲಿ. ಮೊದ್ಲೆಲ್ಲ ಚಳಿಗಾಲಕ್ಕೆ ಹೆಪ್ಪುಗಟ್ಟೋದು, ಈಗ 2006ರಿಂದೀಚೆಗೆ ಅಟ್ಲಾಂಟಿಕ್‌ನ ಬೆಚ್ಚನೆ ನೀರು ಒಳಗೆ ನುಗ್ಗಿ ನುಗ್ಗಿ ದೊಡ್ಡ ಭಾಗ ಹೆಪ್ಪುಗಟ್ಟೋದೇ ಅಪರೂಪ. ಬಿಳೀ ಐಸ್ ಇದ್ರೆ ಬಿಸಿಲನ್ನ ವಾಪಸ್ ಎಸೆಯುತ್ತೆ, ಕಪ್ಪು ನೀರು ಆ ಬಿಸಿಲನ್ನೇ ಕುಡ್ಕೊಂಡು ಇನ್ನೂ ಬಿಸಿಯಾಗುತ್ತೆ, ಆರ್ಕ್ಟಿಕ್ (ಉತ್ತರ ಧ್ರುವದ ಸುತ್ತಲ ಪ್ರದೇಶ) ಇಡೀ ಭೂಮಿಯ ಸರಾಸರಿಗಿಂತ ಸುಮಾರು 4 ಪಟ್ಟು ಬೇಗ ಬಿಸಿಯಾಗ್ತಿರೋದಕ್ಕೆ ಇದೂ ಒಂದು ಕಾರಣ. ಮಾರ್ಚ್ ತಿಂಗಳು, ಮೂಗಿನ ಒಳಗಿನ ಕೂದಲೂ ಗಟ್ಟಿಯಾಗೋ ಚಳಿ, ಎದುರಿಗೆ ಮಾತ್ರ ಕಪ್ಪು ನೀರು ಚಪ್ ಚಪ್ ಅಂತ ದಡಕ್ಕೆ ಬಡೀತಿತ್ತು. ಅಪ್ಪ ನೆನಪಾದ್ರು. ಅಪ್ಪ ಬಿಎಂಟಿಸಿ ಕಂಡಕ್ಟರ್ ಆಗಿದ್ದೋರು, ಮೆಜೆಸ್ಟಿಕ್‌ನಲ್ಲಿ ಬಸ್ ಹತ್ತೋವಾಗೆಲ್ಲ "ನೀನೀಗ ಧರ್ಮಾಂಬುಧಿ ಕೆರೆ ಮಧ್ಯ ನಿಂತಿದೀಯ" ಅಂತಿದ್ರು, ಸಂಪಂಗಿ ಕೆರೆ ಈಗ ಕಂಠೀರವ ಸ್ಟೇಡಿಯಂ ಅಂತಿದ್ರು, ನಾನು ಹೂಂ ಅಂದು ಕಿಟಕಿ ಸೀಟ್ ಹಿಡೀತಿದ್ದೆ. ಅಪ್ಪ, ಐಸಿನ ಕೊಲ್ಲೀಲಿ ಐಸ್ ಇಲ್ದೇ ಇರೋದು ನೋಡಿದ್ಮೇಲೆ ನೀವು ಹೇಳ್ತಿದ್ದದ್ದು ಗೊತ್ತಾಯ್ತು, ಸಾರಿ.

ಸರ್ಕಾರಿ ಶಾಲೆ ಮಕ್ಳಿಗೆ, ನಿಮ್ಮ ಪ್ರಶ್ನೆ ಚೀಟಿಗಳೆಲ್ಲ ಟೆಂಟಲ್ಲೇ ಓದಿದೆ, "ಅಲ್ಲಿ ಕರೆಂಟ್ ಹೋಗುತ್ತಾ ಅಕ್ಕ" ಅಂತ ಬರೆದೋರು ಯಾರು? ಶನಿವಾರ ಬಂದು ಹೇಳ್ತೀನಿ.

ನಿನ್ನೆ ಟೈರ್ ವಾಪಸ್ ಕೊಡಕ್ಕೆ ಹೋದ್ರೆ ಅಣ್ಣ ತಗೊಳ್ಲಿಲ್ಲ, ಮುಂದಿನ ಸಲಕ್ಕೆ ಇಟ್ಕೊ ಅಂದ್ರು. ಇಟ್ಕೊಂಡಿದೀನಿ, ಆದ್ರೆ ಅತ್ತೆ ಚೀಟಿ ಕಂತು ತೀರೋವರೆಗೂ ಮನೇಲಿ ಯಾರೂ ಮುಂದಿನ ಸಲದ ಮಾತು ಎತ್ತೋ ಹಾಗಿಲ್ಲ.