ಗೆಳೆಯನಿಗೊಂದು ಪತ್ರ: ಕೇಳಿಯೇ ತೆಗೆಯೋಣ

ಪ್ರೀತಿಯ ಗೆಳೆಯಾ,

ನಿನಗೆ ಇಷ್ಟವಾದ ಫೋಟೋಗ್ರಾಫರ್ ಯಾರು, ಹುಬ್ಬಳ್ಳಿಯಲ್ಲೇ ಯಾಕೆ ಉಳಿದೆ, ಪತ್ರಿಕೆಗೆ ಫೋಟೋ ತೆಗೆದೂ ತೆಗೆದೂ ಬೇಜಾರಾಗಿಲ್ವಾ ಅಂತ ಒಂದೇ ಉಸಿರಿಗೆ ಕೇಳಿದೀಯ. ಫೋನಿನಲ್ಲಿ ಹೇಳಹೊರಟರೆ ನಡುವೆ ಬಾಯಿ ಹಾಕುತ್ತೀಯ. ಅದಕ್ಕೇ ಈ ಪತ್ರ.

ಮೊದಲ ಹೆಸರು ಹೋಮೈ ವ್ಯಾರಾವಾಲಾ. 1913ರಲ್ಲಿ ಹುಟ್ಟಿದವರು, ಭಾರತದ ಮೊದಲ ಪತ್ರಿಕಾ ಛಾಯಾಗ್ರಾಹಕಿ. ನೆಹರೂ ಅವರನ್ನು, ಗಾಂಧೀಜಿಯ ಅಂತ್ಯಯಾತ್ರೆಯನ್ನು ತೆಗೆದವರು. ನನಗೆ ಅದಕ್ಕಿಂತ ಜಾಸ್ತಿ ಹಿಡಿಸಿದ್ದು ಅವರು ಬಿಟ್ಟ ರೀತಿ. ಹೊಸ ಫೋಟೋಗ್ರಾಫರುಗಳ ನಡವಳಿಕೆ ಸರಿಬರದೆ 1970ರಲ್ಲಿ ಕ್ಯಾಮೆರಾ ಕೆಳಗಿಟ್ಟರು. ಈಗ ಇಲ್ಲಿಯ ಯಾವುದೇ ಸಭೆಗೆ ಬಂದು ನೋಡು, ವೇದಿಕೆಯ ಮುಂದೆ ನಾವೇ ಗೋಡೆ ಕಟ್ಟಿದ ಹಾಗೆ ನಿಂತಿರುತ್ತೇವೆ, ಹಿಂದೆ ಕೂತವರು 'ಏ ತಮ್ಮಾ, ಸ್ವಲ್ಪ ಬಾಜೂ ಸರೀ' ಅನ್ನುತ್ತಲೇ ಇರುತ್ತಾರೆ, ನಮಗೆ ಮಾತ್ರ ಕೇಳಿಸುವುದಿಲ್ಲ.

ಇನ್ನೊಬ್ಬರು ನಮ್ಮ ಮೈಸೂರಿನ ಟಿ.ಎಸ್. ಸತ್ಯನ್. ಅಮೆರಿಕದ ಲೈಫ್ ಪತ್ರಿಕೆಗೆ ಫೋಟೋ ತೆಗೆದವರು. ಅವರ ಚಿತ್ರದ ಮಕ್ಕಳನ್ನು ನೋಡು, ಯಾರೂ ಕ್ಯಾಮೆರಾಕ್ಕೆ ಹೆದರಿಲ್ಲ.

ನನ್ನ ಲೆನ್ಸ್ 35 ಎಂಎಂ, ದೂರದ್ದನ್ನು ಹತ್ತಿರ ಎಳೆಯದ ಲೆನ್ಸ್. ಅಳುವವರ ಮುಖವನ್ನು ದೂರದಿಂದ ಜೂಮ್ ಹಾಕಿ ಎಳೆದುಕೊಳ್ಳುವುದು ನನಗೆ ಸೇರುವುದಿಲ್ಲ. 35 ಇದ್ದರೆ ಹತ್ತಿರ ಹೋಗಲೇಬೇಕು, ಹೋದರೆ ಮಾತಾಡಲೇಬೇಕು, ಮಾತಾಡಿದರೆ ಅವರು ಬೇಡ ಅನ್ನಬಹುದು. ಅನ್ನಲಿ ಬಿಡು. 1984ರ ಭೋಪಾಲದ ಅನಿಲ ದುರಂತದಲ್ಲಿ ಫೋಟೋಗ್ರಾಫರ್ ರಘು ರಾಯ್ ಯಾರನ್ನು ಕೇಳಬೇಕಿತ್ತು ಅಂತ ನೀನು ವಾದಕ್ಕೆ ಬರುತ್ತೀಯ, ಗೊತ್ತು. ಮಣ್ಣು ಮಾಡುತ್ತಿದ್ದ ಆ ಮಗುವಿನ ಮುಖ ಅವರು ತೆಗೆದದ್ದು ಸರಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದನ್ನೇ ನೆಪ ಮಾಡಿಕೊಂಡು ಅಪಘಾತವಾದಲ್ಲೆಲ್ಲ ಕ್ಯಾಮೆರಾ ಹಿಡಿದು ಓಡುವುದು ಬೇರೆ.

ಹುಬ್ಬಳ್ಳಿ ಯಾಕೆ ಅಂದೆಯಲ್ಲ, ಹಿಂದೂಸ್ತಾನಿ ಗಾಯಕಿ ಗಂಗೂಬಾಯಿ ಹಾನಗಲ್ ಇದ್ದ ಊರಿದು. ಅವರೂ 1913ರವರೇ. ರಾತ್ರಿ ಫೋಟೋ ಆರಿಸುವಾಗ ಅವರ ಖಯಾಲ್ ಹಾಕಿಕೊಳ್ಳುತ್ತೇನೆ. ಆ ದನಿಗೆ ಅವಸರವೇ ಇಲ್ಲ, ಕೇಳುತ್ತಾ ಕೂತರೆ ಸುಮ್ನೆ ತೆಗೆದ ಫೋಟೋಗಳು ತಾವೇ ಬೇಡವಾಗುತ್ತವೆ. 2009ರಲ್ಲಿ ತೀರಿಕೊಂಡಾಗ ಅವರ ಕಣ್ಣು ದಾನವಾಯಿತು. ನೋಡುವುದೇ ಹೊಟ್ಟೆಪಾಡಾದ ನಮ್ಮಲ್ಲಿ ಎಷ್ಟು ಜನ ಬರೆದುಕೊಟ್ಟಿದ್ದಾರೆ ಹೇಳು. ನಾನು ಬರೆದುಕೊಟ್ಟಿದ್ದೇನೆ.

ಬೇಜಾರು? ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಗೆ ಹೋದರೆ ಇಲ್ಲ. ಎಲ್ಲರೂ ಕೆಂಪು ರಾಶಿಯನ್ನೇ ತೆಗೆಯುತ್ತಾರೆ, ನಾನೂ ಪತ್ರಿಕೆಗೆ ಅದನ್ನೇ ಕಳಿಸುತ್ತೇನೆ. ನನಗಾಗಿ ತೆಗೆಯುವುದು ಮೂಗಿಗೆ ಸೆರಗು ಕಟ್ಟಿಕೊಂಡು ತೊಟ್ಟು ಬಿಡಿಸುವ ಹೆಂಗಸರನ್ನು, ಅದೂ ಕಪ್ಪು ಬಿಳುಪಿನಲ್ಲಿ. ಬಣ್ಣ ತೆಗೆದರೆ ಕೈ ಕಾಣುತ್ತದೆ. ಬ್ಯಾಡಗಿ ಮೆಣಸಿನಕಾಯಿಗೆ ಖಾರ ಕಡಿಮೆ ಅನ್ನುತ್ತಾರಲ್ಲ, ರಾಶಿಯ ನಡುವೆ ಸ್ವಲ್ಪ ಹೊತ್ತು ನಿಂತು ಆಮೇಲೆ ಹೇಳಲಿ.

ಫೆಬ್ರುವರಿಯಲ್ಲಿ ಬಾ, ಕರೆದುಕೊಂಡು ಹೋಗುತ್ತೇನೆ. ಕರವಸ್ತ್ರ ಎರಡು ತಾ. ನಿನ್ನ ಆ ಉದ್ದದ ಲೆನ್ಸ್ ಮನೆಯಲ್ಲೇ ಇರಲಿ.

ನಿನ್ನ ಗೆಳೆಯ